ಲಿಫ್ಟಣ್ಣನ ಹಲ್ಲುಸೆಟ್

"ಇದು ನನ್ನ ಹಲ್ಲಲ್ಲ!"

ಬಾಗಿಲು ದಡಾರನೆ ತೆರೆದುಕೊಂಡಿತು. ಅವಳ ಕೈಯಲ್ಲಿದ್ದ, ಮೇಣ ಕೆತ್ತುವ ಚಾಕು ಜಾರಿ ಮೇಜಿನ ಮೇಲೆ ಬಿತ್ತು.

ದಂತವೈದ್ಯರ ಕ್ಲಿನಿಕ್ಕಿನ ಹಿಂದಿರುವ ಆ ಕಿರುಕೋಣೆಗೆ ರೋಗಿಗಳು ಬರುವ ಪದ್ಧತಿಯೇ ಇರಲಿಲ್ಲ. ಮೂವತ್ತೊಂದು ವರ್ಷಗಳಿಂದ ಅವಳು ಅಲ್ಲಿ ಕೂತು ಹಲ್ಲುಸೆಟ್ ತಯಾರಿಸುತ್ತಿದ್ದಳು. ಸಾವಿರಾರು ಜನ ಅವಳು ಜೋಡಿಸಿಕೊಟ್ಟ ಹಲ್ಲಿನಲ್ಲಿ ಉಂಡಿದ್ದರು, ನಕ್ಕಿದ್ದರು, ಜಗಳವಾಡಿದ್ದರು. ಅವರಲ್ಲಿ ಒಬ್ಬರ ಮುಖವನ್ನೂ ಅವಳು ನೋಡಿದವಳಲ್ಲ. ಅವಳ ಪಾಲಿಗೆ ಬರುತ್ತಿದ್ದುದು ಬಿಳಿ ಪ್ಲಾಸ್ಟರಿನ ಬಾಯಿ ಅಚ್ಚು ಮಾತ್ರ.

ಈಗ ಒಂದು ಮುಖ ಎದುರಿಗೇ ಬಂದು ನಿಂತಿತ್ತು.

ಎತ್ತರದ ಆಳು. ಹ್ಯಾಂಗರಿಗೆ ನೇತುಹಾಕಿದಂತಿದ್ದ ಅಂಗಿ. ಒಳಕ್ಕೆ ಹೋದ ಕೆನ್ನೆ. ಆ ಮುಖದಲ್ಲಿ ಜೀವ ಇದ್ದದ್ದು ಕಣ್ಣಲ್ಲಿ ಮಾತ್ರ, ಆ ಕಣ್ಣುಗಳು ಈಗ ಉರಿಯುತ್ತಿದ್ದವು. ಅವನು ಕರ್ಚೀಫಿನಲ್ಲಿ ಸುತ್ತಿದ್ದ ಹಲ್ಲುಸೆಟ್ಟನ್ನು ಅವಳ ಮೇಜಿನ ಮೇಲಿಟ್ಟ.

"ಇದನ್ನ ಹಾಕ್ಕೊಂಡು ಮಾತಾಡಿದ್ರೆ ಬೇರೆ ಯಾರೋ ನನ್ನ ಬಾಯಲ್ಲಿ ಕೂತು ಮಾತಾಡಿದ ಹಾಗಾಗುತ್ತೆ. ಎಡಗಡೆ ಚುಚ್ಚುತ್ತೆ. ಇದನ್ನ ಮಾಡಿದ್ದು ನೀವೇ ತಾನೆ?"

ಅವಳ ಬಲಗೈ ತಾನಾಗಿಯೇ ಏಪ್ರನ್ನಿನ ಕೆಳಗೆ ಸರಿಯಿತು.

ಆರು ತಿಂಗಳಿಂದ ಆ ಕೈಯ ಹೆಬ್ಬೆರಳು ನಡುಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಒಂದಲ್ಲ ಒಂದು ದಿನ ಯಾರಾದರೂ ಹೀಗೆ ಬಂದೇ ಬರುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

'ಬಂದೇಬಿಟ್ರಲ್ಲ...'

ಆದರೂ ದನಿ ಗಟ್ಟಿ ಮಾಡಿಕೊಂಡಳು.

"ಕೂತ್ಕೊಳ್ಳಿ. ಕೂಗಾಡೋಕೆ ಹಲ್ಲು ಬೇಕಾಗಿಲ್ಲ ಅಂತ ಗೊತ್ತಾಯ್ತು. ಅಗಿಯೋಕಂತೂ ಬೇಕು. ಏನು ತಿಂದು ನೋಡಿದ್ರಿ?"

ಅವನು ತಬ್ಬಿಬ್ಬಾದ. ಜಗಳಕ್ಕೆ ಸಿದ್ಧವಾಗಿ ಬಂದವನಿಗೆ ಕುರ್ಚಿ ಸಿಕ್ಕಿತ್ತು.

"ಏನೂ ಇಲ್ಲ... ಟೀಗೆ ಬ್ರೆಡ್ ಅದ್ದಿಕೊಂಡು ತಿಂತೀನಿ."

"ಬೆಳಿಗ್ಗೆ. ಆಮೇಲೆ?"

"ಆಮೇಲೂ ಅದೇ."

"ಎಷ್ಟು ದಿನದಿಂದ?"

"ನಾಲ್ಕು ವರ್ಷದಿಂದ."

ಅವಳು ತಲೆಯೆತ್ತಿ ನೋಡಿದಳು. ಅವನು ಗೋಡೆಯ ಕಡೆ ತಿರುಗಿದ್ದ.

"ಮನೆಯಾಕೆ ಹೋಗಿ ನಾಲ್ಕು ವರ್ಷ. ಮಕ್ಕಳಿಲ್ಲ. ಒಬ್ಬನೇ ಕೂತು ಅಗಿಯೋ ಶಬ್ದ ಕೇಳೋಕಾಗಲ್ಲ ಮೇಡಮ್. ನೆನೆದ ಬ್ರೆಡ್ಡಿಗೆ ಶಬ್ದ ಇಲ್ಲ."

ಅವಳು ಹಲ್ಲುಸೆಟ್ ತೊಳೆದು ಅವನ ಕೈಗೆ ಕೊಟ್ಟಳು. ಹಾಕಿಸಿದಳು. ಒಸಡು ಕೆಂಪಾಗಿದ್ದ ಜಾಗಕ್ಕೆ ಬಣ್ಣದ ಪೆನ್ಸಿಲಿನಿಂದ ಗುರುತು ಮಾಡಿ, ಸೆಟ್ಟಿನ ಗುಲಾಬಿ ಅಂಚನ್ನು ಉಜ್ಜುವ ಮಿಷನ್ನಿಗೆ ಹಿಡಿದು ಸವೆಸಿದಳು. ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದೇ ಆ ಕೆಲಸ ಮಾಡಿದಳು.

"ಸಾಸಿವೆ ಅನ್ನಿ. 'ಸ' ಸರಿಯಾಗಿ ಬರುತ್ತಾ ನೋಡೋಣ."

"ಸಾಸಿವೆ."

"ಇನ್ನೊಂದು ಸಲ."

"ಸಾಸಿವೆ, ಸಾಸಿವೆ... ಏನು, ಅಂಗಡಿಗೆ ಕಳಿಸ್ತೀರೇನು ನನ್ನ?"

ಅವಳಿಗೆ ನಗು ಬಂತು. ಎಷ್ಟು ತಿಂಗಳಾದ ಮೇಲೆ! ಅವನೂ ನಕ್ಕ. ತಾನು ಮಾಡಿದ ಹಲ್ಲು ನಗುವುದನ್ನು ಅವಳು ನೋಡಿದ್ದು ಅದೇ ಮೊದಲು.

"ನೋಡಿ," ಎಂದಳು, "ನನ್ನ ತಮ್ಮನ ಮಗಳು ದೊಡ್ಡಾಸ್ಪತ್ರೇಲಿ ರೋಗಿಗಳಿಗೆ ಏನು ತಿನ್ನಬೇಕು ಅಂತ ಹೇಳ್ಕೊಡೋಳು. ದಿನಾ ನನ್ನ ತಲೆ ತಿಂತಾಳೆ. ವಯಸ್ಸಾದ ಮೇಲೆ ಮೈಯಲ್ಲಿರೋ ಸ್ನಾಯು ತಾನಾಗೇ ಕರಗುತ್ತಂತೆ. ದಿನಾ ಮೊಟ್ಟೆ, ಬೇಳೆ, ಮೊಸರು, ಕಾಳು ಹೊಟ್ಟೆಗೆ ಬೀಳಬೇಕು. ನಡೀಬೇಕು. ಬ್ರೆಡ್ಡು ಟೀಯಲ್ಲಿ ನೀವು ಬದುಕ್ತಿಲ್ಲ, ಕರಗ್ತಾ ಇದೀರಿ. ಮೆತ್ತಗೆ ಬೇಯಿಸಿದ ಮೊಟ್ಟೆಯಿಂದ ಶುರು ಮಾಡಿ. ಸಣ್ಣ ತುತ್ತು. ಎರಡೂ ಕಡೆ ಅಗಿಯಿರಿ."

"ಆಗ್ಲಿ ಟೀಚರ್," ಎಂದು ಎದ್ದ. ಏಳುವಾಗ ಎರಡೂ ಕೈ ಕುರ್ಚಿಗೆ ಊರಿದ್ದ.

ಹೊರಗೆ ಕೂತಿದ್ದ ರಿಸೆಪ್ಶನ್ ಹುಡುಗಿ ಆಮೇಲೆ ಒಳಗಿಣುಕಿ ಹೇಳಿದಳು, "ಹಲ್ಲಕ್ಕಾ, ಅವರನ್ನ ಎಲ್ರೂ ಲಿಫ್ಟಣ್ಣ ಅಂತಾರೆ. ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡ್ತಿದ್ರಂತೆ. ನಾನು ತಡೆದೆ, ಕೇಳ್ಲೇ ಇಲ್ಲ..."

"ಇರ್ಲಿ ಬಿಡು," ಎಂದಳು ಹಲ್ಲಕ್ಕ.

* * *

ಎಂಟು ದಿನಕ್ಕೆ ಲಿಫ್ಟಣ್ಣ ಮತ್ತೆ ಬಂದ. ಈ ಸಲ ಬಾಗಿಲು ಮೆಲ್ಲಗೆ ತಟ್ಟಿದ.

"ಈಗ ಬಲಗಡೆ."

ಮತ್ತೆ ಹತ್ತು ದಿನಕ್ಕೆ, "ಕೆಳಗಿನದ್ದು ಅಲ್ಲಾಡುತ್ತೆ."

ಒಂದು ಸಲ ಡಾಕ್ಟರೇ ಹೊಸ ಅಚ್ಚು ತೆಗೆದು ಹೊಸ ಸೆಟ್ ಮಾಡಿಸಿದರು. ಅದೂ ಸರಿ ಬರಲಿಲ್ಲ. ಇನ್ನೊಂದು ಸೆಟ್. ಅದೂ ಅಷ್ಟೇ...

ಪ್ರತಿ ಸಲವೂ ಹಲ್ಲಕ್ಕನಿಗೆ ಎರಡು ಬೇರೆ ಬೇರೆ ಸಂಕಟ. ಒಂದು, ತನ್ನ ಕೈ ಮತ್ತೆ ತಪ್ಪಿತಲ್ಲ ಎಂಬುದು. ಇನ್ನೊಂದು, ಅವನು ಬರುವ ಹೊತ್ತಾದರೂ ಇನ್ನೂ ಬರಲಿಲ್ಲವಲ್ಲ ಎಂಬುದು!

'ಐವತ್ತೊಂಬತ್ತು ನಿನಗೆ,' ಎಂದು ತನ್ನನ್ನು ತಾನೇ ಬೈದುಕೊಂಡಳು. 'ನೆಟ್ಟಗೆ ಮೇಣ ಕರಗಿಸು.'

ಅಪ್ಪ ಬೇಗ ಹೋದರು. ತಮ್ಮನನ್ನು ಓದಿಸಬೇಕಿತ್ತು, ಓದಿಸಿದಳು. ಅವನ ಮದುವೆಯಾಯಿತು, ಮಗಳು ಹುಟ್ಟಿದಳು, ಆ ಮಗಳೂ ದೊಡ್ಡವಳಾದಳು. ಈ ನಡುವೆ ಹಲ್ಲಕ್ಕನ ಮದುವೆಯ ಮಾತು ಯಾವಾಗ ನಿಂತುಹೋಯಿತೆಂದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಅವಳಿಗೂ.

ಈಗ ಅವಳ ಊಟದ ಡಬ್ಬಿಯಲ್ಲಿ ಮೂರು ಮೊಟ್ಟೆ ಹೋಗತೊಡಗಿದವು. ಅವಳಿಗೆ ಒಂದು, ಅವನಿಗೆ ಎರಡು.

"ಕೈ ಊರದೆ ಕುರ್ಚಿಯಿಂದ ಏಳಿ ನೋಡೋಣ."

"ಹತ್ತೋದು ಇಳಿಯೋದು ನನಗೇ ಹೇಳ್ಕೊಡ್ತೀರಾ? ಈ ಊರಿನ ಅರ್ಧ ಜನ ಮೇಲೆ ಹೋಗಿದ್ದು ನನ್ನಿಂದ!"

"ಏನು ಮಾತದು! ಮೇಲೆ ಹೋಗಿದ್ದಾ?"

"ಅಯ್ಯೋ, ಲಿಫ್ಟಲ್ಲಿ!"

ಮೊದಲ ವಾರ ಒಂದು ಸಲವೂ ಏಳಲಾಗಲಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಒಟ್ಟಿಗೇ ಐದು ಸಲ ಎದ್ದ. ಕ್ಲಿನಿಕ್ಕಿನ ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ಎರಡು ಕಿಲೋ ಹೆಚ್ಚಿತ್ತು. ಅವನ ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ಅವಳಿಗೂ ಬಂದಿತ್ತೋ ಏನೋ, ಆ ಕೋಣೆಯಲ್ಲಿ ಕನ್ನಡಿ ಇರಲಿಲ್ಲ.

ಒಂದು ಮಧ್ಯಾಹ್ನ ಅವನೆದುರೇ ಅವಳ ಕೈ ನಡುಗಿತು. ಬಿಸಿ ಮೇಣದ ಹನಿ ಬೆರಳ ಮೇಲೆ ಬಿತ್ತು. "ಸ್ಸ್..." ಎಂದಳು.

ಅವನು ತನ್ನ ಅಂಗೈಯನ್ನು ಅವಳ ಮಣಿಕಟ್ಟಿನ ಕೆಳಗೆ ಚಾಚಿ ಹಿಡಿದ. ಒರಟು ಅಂಗೈ. ಗ್ರೀಸಿನ ಕಪ್ಪು ಗೆರೆಗಳು ಇನ್ನೂ ಹೋಗಿರಲಿಲ್ಲ. ಅವಳ ಕೈ ಅದರ ಮೇಲೆ ನಿಂತಿತು... ನಡುಕ ನಿಂತಿತು...

ಮೇಣದ ಸಾಲಿನಲ್ಲಿ ಒಂದೊಂದೇ ಹಲ್ಲನ್ನು ಕೂರಿಸುವವರೆಗೂ ಇಬ್ಬರೂ ಉಸಿರು ಬಿಗಿಹಿಡಿದೇ ಇದ್ದರು.

ಅವನು ಹೋದ ಮೇಲೆ ಅವಳಿಗೆ ಬೇರೆಯೇ ಯೋಚನೆ ಹತ್ತಿತು. 'ನೋಡಿಬಿಟ್ರು. ಕೈ ಕೆಟ್ಟಿದೆ ಅಂತ ಗೊತ್ತಾಗಿದೆ. ಅದಕ್ಕೇ ಒಂದು ಮಾತೂ ಆಡ್ಲಿಲ್ಲ. ಪಾಪ ಅಂದ್ಕೊಂಡಿರ್ತಾರೆ.'

ಪಾಪ ಅನ್ನಿಸಿಕೊಳ್ಳುವುದು ಅವಳಿಗೆ ಯಾವತ್ತೂ ಆಗದ ಸಂಗತಿ.

* * *

ಆ ತಿಂಗಳ ಕೊನೆಯಲ್ಲಿ ಡಾಕ್ಟರು ಕರೆದರು. ಹಳೆಯ ಡಾಕ್ಟರ ಮಗ. ಅವಳು ಎತ್ತಿ ಆಡಿಸಿದ ಹುಡುಗ.

"ಆಂಟಿ... ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ. ಒಬ್ಬರೇ ಪೇಶೆಂಟು, ಮೂರು ಸೆಟ್ಟು. ಮೂರೂ ವಾಪಸ್ಸು. ನಿಮ್ಮ ಕೈ ಬಗ್ಗೆ ನನಗೆ ಮುಂಚೇನೇ ಅನುಮಾನ ಇತ್ತು."

ಅವಳು ಕೈ ಕಟ್ಟಿಕೊಂಡು ನಿಂತಿದ್ದಳು.

"ಕಂಪ್ಯೂಟರಲ್ಲೇ ಹಲ್ಲು ಕೊರೆಯೋ ಮಿಷನ್ ಬರ್ತಾ ಇದೆ. ನೀವು ಇನ್ನು ರೆಸ್ಟ್ ತಗೊಳ್ಳಿ ಆಂಟಿ. ವಯಸ್ಸಾಯ್ತಲ್ಲ. ಆರೋಗ್ಯ ನೋಡ್ಕೊಳ್ಳಿ."

"ಸರಿ," ಎಂದಳು. ಮೂವತ್ತೊಂದು ವರ್ಷಕ್ಕೆ ಅಷ್ಟೇ ಮಾತು.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಮೇಜಿನ ಮೇಲೆ ಲಿಫ್ಟಣ್ಣ ಹಿಂದಿನ ದಿನ ಬಿಟ್ಟುಹೋಗಿದ್ದ ಮೂರನೇ ಸೆಟ್ ಇತ್ತು. ಎಲ್ಲಿ ತಪ್ಪಿದೆ ಎಂದಾದರೂ ತಿಳಿದುಕೊಂಡು ಹೋಗೋಣ ಎಂದು ದೀಪದ ಕೆಳಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಳು.

ಮತ್ತೆ ನೋಡಿದಳು.

ಕೆಳಗಿನ ಅಂಚಿನಲ್ಲಿ ಸಣ್ಣ ಸಣ್ಣ ಗೀರುಗಳು. ಒಂದರ ಪಕ್ಕ ಒಂದು, ನೇರವಾಗಿ, ಓರೆಯಾಗಿ. ಅವಳ ಮಿಷನ್ ಹಾಗೆ ಗೀರುವುದಿಲ್ಲ. ಹಾಗೆ ಗೀರುವುದು ಒಂದೇ ಸಾಮಾನು. ಕಬ್ಬಿಣ ಉಜ್ಜುವ ಅರ!

ಬೀರುವಿನಿಂದ ಹಳೆಯ ಎರಡು ಸೆಟ್‌ಗಳನ್ನೂ ತೆಗೆದಳು. ಅವುಗಳಲ್ಲೂ ಅದೇ ಗೀರು.

ಸೆಟ್‌ಗಳನ್ನು ಕೆಳಗಿಟ್ಟು ದೀಪ ಆರಿಸಿದಳು.

ಮಾರನೆಯ ದಿನ ಅವಳು ತನ್ನ ಸಾಮಾನು ಕಟ್ಟಿಕೊಳ್ಳುತ್ತಿದ್ದಾಗ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಮುಖದಲ್ಲಿ ಏನೋ ಹೇಳಬೇಕೆಂಬ ಸಡಗರ.

"ಮೇಡಮ್, ಇವತ್ತು ನಾನು ನಿಮಗೊಂದು..."

"ಇದು ಏನು?"

ಅವಳು ಮೂರೂ ಸೆಟ್‌ಗಳನ್ನು ಸಾಲಾಗಿ ಇಟ್ಟಿದ್ದಳು. ಅವನ ಮುಖದ ಬಣ್ಣ ಇಳಿದುಹೋಯಿತು.

"ಅರ ಹಾಕಿದ್ದು ನೀವೇ ತಾನೆ?"

"...ಹೌದು."

"ಮೂರು ಸಲಾನೂ?"

"ಮೊದಲನೇ ದಿನ ಚುಚ್ಚಿದ್ದು ನಿಜ. ಆಮೇಲಿಂದು... ಕೇಳಿ, ನಾನು..."

"ನಿಮಗೆ ಇದು ತಮಾಷೆ!" ಅವಳ ದನಿ ಒಡೆಯಿತು. "ಮೂರು ತಿಂಗಳು... ಮೂರು ತಿಂಗಳು ನಾನು ನನ್ನ ಕೈಯನ್ನ ಶಪಿಸ್ಕೊಂಡು ಕೂತಿದ್ದೆ! ಕೈ ಸತ್ತುಹೋಯ್ತು ಅಂದ್ಕೊಂಡಿದ್ದೆ! ನೀವು ಮನೇಲಿ ಕೂತು ಅರ ಉಜ್ತಿದ್ರಾ?"

"ಹಾಗಲ್ಲ... ದಯವಿಟ್ಟು..."

"ಹೋಗಿ. ಇನ್ನೊಂದು ಸಲ ಈ ಬಾಗಿಲಿಗೆ ಬರಬೇಡಿ."

ಅವನು ಮೂರನೇ ಸೆಟ್ಟನ್ನು ಮೆಲ್ಲಗೆ ಜೇಬಿಗಿಳಿಸಿಕೊಂಡು ಹೊರಟ.

ಕೆಲಸ ಹೋಯಿತೆಂದು ಅವಳು ಹೇಳಲಿಲ್ಲ. ಯಾಕೆ ಅರ ಹಾಕಿದೆ ಎಂದು ಅವನೂ ಹೇಳಲಿಲ್ಲ.

* * *

ಮನೆಯಲ್ಲಿ ಕೂತವಳಿಗೆ ದಿನಗಳೆಲ್ಲ ಒಂದೇ ಥರ ಆದವು.

ನರಗಳ ಡಾಕ್ಟರಿಗೆ ಕೈ ತೋರಿಸಿದಳು. "ಮಾತ್ರೆಯಿಂದ ಸ್ವಲ್ಪ ತಡೆಯಬಹುದು. ಪೂರ್ತಿ ವಾಸಿ ಆಗೋದಲ್ಲ. ವರ್ಷ ವರ್ಷ ಹೆಚ್ಚುತ್ತೆ," ಎಂದರು ಅವರು. ಅಲ್ಲಿಗೆ ಅವಳಿಗೆ ಗೊತ್ತಾಯಿತು. ಕೈ ಕೆಟ್ಟಿದ್ದು ನಿಜವೇ. ಲಿಫ್ಟಣ್ಣನ ಅರ ಇಲ್ಲದಿದ್ದರೂ ಇನ್ನೊಂದು ವರ್ಷಕ್ಕೋ ಎರಡು ವರ್ಷಕ್ಕೋ ಅವಳು ಆ ಕೋಣೆಯಿಂದ ಎದ್ದೇ ಬರಬೇಕಿತ್ತು.

ಹಾಗೆಂದು ಸಿಟ್ಟು ಇಳಿಯಲಿಲ್ಲ. ಸಿಟ್ಟಿನ ಕೆಳಗೆ ಇನ್ನೊಂದೇನೋ ಇತ್ತು. ಅದಂತೂ ಇಳಿಯುವ ಲಕ್ಷಣವೇ ಇರಲಿಲ್ಲ.

ಅವಳ ಊಟವೂ ಕಡಿಮೆಯಾಯಿತು. ಚಮಚ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ತಮ್ಮನ ಹೆಂಡತಿಯ ಎದುರು ಚೆಲ್ಲಿಕೊಂಡು ತಿನ್ನುವುದಕ್ಕಿಂತ ಹಸಿವಿಲ್ಲ ಎನ್ನುವುದು ಸುಲಭವಾಗಿತ್ತು.

"ಅತ್ತೆ, ಲೋಕಕ್ಕೆಲ್ಲ ಮೊಟ್ಟೆ ತಿನ್ನಿ ಅಂತ ಹೇಳಿ ನೀವು ಮಾತ್ರ ಗಾಳಿ ಕುಡೀತೀರಾ?" ತಮ್ಮನ ಮಗಳು ಒಂದು ಭಾನುವಾರ ತಟ್ಟೆ ತಂದು ಎದುರಿಗೇ ಕೂತಳು. "ನಮ್ಮ ಮೂಳೆ ವಾರ್ಡಲ್ಲಿ ಒಬ್ಬರಿದಾರೆ, ಅವರದ್ದೂ ಇದೇ ಕಥೆ. ಮೆಟ್ಟಿಲಲ್ಲಿ ಬಿದ್ದು ಸೊಂಟದ ಮೂಳೆ ಮುರ್ಕೊಂಡು ಬಂದ್ರು. ಆಪರೇಶನ್ ಆಯ್ತು. ಆರಡಿ ಎತ್ತರದ ಮನುಷ್ಯ, ನಲವತ್ಮೂರು ಕಿಲೋ! ಎಲ್ಲ ಟೆಸ್ಟೂ ಮಾಡಿದ್ವಿ. ಒಂದು ರೋಗಾನೂ ಇಲ್ಲ ಅತ್ತೆ. ಬರೀ ತಿಂದಿಲ್ಲ, ಅಷ್ಟೇ. ಹಲ್ಲುಸೆಟ್ ದಿಂಬಿನ ಕೆಳಗೆ ಇಟ್ಕೊಂಡಿದಾರೆ, ಹಾಕ್ಕೊಳ್ಳಲ್ಲ. ಯಾರೋ ಅದನ್ನ ಅರ ಹಾಕಿ ಉಜ್ಜಿಬಿಟ್ಟಿದಾರೆ, ಪಾಪ..."

ತಟ್ಟೆ ಹಲ್ಲಕ್ಕನ ಕೈಯಿಂದ ಕೆಳಗೆ ಬಿತ್ತು.

ಈ ಸಲ ಅದು ಕೈಯ ನಡುಕದಿಂದ ಬಿದ್ದದ್ದಲ್ಲ.

* * *

ವಾರ್ಡಿನ ಕೊನೆಯ ಹಾಸಿಗೆ. ಪಕ್ಕದ ಸ್ಟೂಲಿನ ಮೇಲೆ ಮುಟ್ಟದ ಊಟದ ತಟ್ಟೆ.

ಹೊದಿಕೆಯ ಕೆಳಗೆ ಮನುಷ್ಯ ಇದ್ದಾನೋ ಇಲ್ಲವೋ ಎನ್ನುವಷ್ಟು ಚಪ್ಪಟೆ. ಕೆನ್ನೆಗೆ ಬಂದಿದ್ದ ಆ ಸ್ವಲ್ಪ ಬಣ್ಣವೂ ಹೋಗಿತ್ತು. ಅವಳು ಬಂದು ನಿಂತದ್ದನ್ನು ನೋಡಿ ಅವನು ಕಣ್ಣು ಮುಚ್ಚಿಕೊಂಡ.

"ಬರಬೇಡಿ ಅಂದಿದ್ರಿ," ಎಂದ, ಹಲ್ಲಿಲ್ಲದ ಬಾಯಿಯ ತೊದಲು ದನಿಯಲ್ಲಿ. "ಬಂದಿಲ್ಲ ನಾನು. ನೀವೇ ಬಂದಿದ್ದು."

ಅವಳಿಗೆ ಅಳು ಬಂತು, ಸಿಟ್ಟೂ ಬಂತು.

"ಬೆಳೆಸಿದ ಎರಡು ಕಿಲೋನ ಎಲ್ಲಿ ಕಳೆದ್ರಿ?"

"ಗೊತ್ತಿಲ್ಲ."

"ಮತ್ತೆ ಬ್ರೆಡ್ಡು?"

"ಆಮೇಲಾಮೇಲೆ ಅದೂ ಇಲ್ಲ."

"ಯಾಕೆ?" ಎಂದಳು. ಆ ಒಂದು ಮಾತಿನಲ್ಲಿ ಎಲ್ಲ ಯಾಕೆಗಳೂ ಇದ್ದವು. "ಯಾಕೆ ಅರ ಹಾಕಿದ್ರಿ?"

ಅವನು ಸೂರಿನ ಫ್ಯಾನನ್ನು ನೋಡುತ್ತಲೇ ಹೇಳಿದ.

"ಚೆನ್ನಾಗಿರೋ ಹಲ್ಲು ಇಟ್ಕೊಂಡು ಹಲ್ಲು ಕಟ್ಟೋರ ಹತ್ರ ಹೇಗೆ ಬರೋದು?"

ಅವಳು ಸ್ಟೂಲಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೂತಳು.

"ಸುಮ್ನೆ ಬಂದು ಕೂತಿದ್ರೆ ಆಗ್ತಿರಲಿಲ್ವಾ?"

"ಆಗ್ತಿತ್ತಾ?"

ಅವಳು ಯೋಚಿಸಿದಳು. ರೋಗಿಗಳಿಗೇ ಪ್ರವೇಶವಿಲ್ಲದ ಕೋಣೆ. ಕಾರಣವಿಲ್ಲದೆ ಬಂದ ಗಂಡಸನ್ನು ಅವಳು ಕೂರಿಸುತ್ತಿದ್ದಳೇ? ಮೊಟ್ಟೆ ಕೊಡುತ್ತಿದ್ದಳೇ?

"ಇಲ್ಲ," ಎಂದಳು ಮೆಲ್ಲಗೆ. "ಓಡಿಸ್ತಿದ್ದೆ."

"ನನಗೆ ನಿಮ್ಮ ಕೆಲಸ ಹೋಗುತ್ತೆ ಅಂತ ಹೊಳೀಲೇ ಇಲ್ಲ ಮೇಡಮ್. ಆಮೇಲೆ ಕ್ಲಿನಿಕ್ಕಿಗೆ ಹೋದೆ. ಆ ಹುಡುಗಿ ಹೇಳಿದ್ಲು. ಡಾಕ್ಟರಿಗೆ ಎಲ್ಲಾನೂ ಒಪ್ಕೊಂಡೆ, ತಪ್ಪು ನಂದು, ಅವರನ್ನ ವಾಪಸ್ ಕರೀರಿ ಅಂದೆ. ಅವರು ನಕ್ಕರು. ಮಿಷನ್ ಬಂದಾಗಿದೆ ಅಂದ್ರು." ಅವನ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಹತ್ತಿರ ದಿಂಬಿಗೆ ಸೇರಿತು. "ನಿಮ್ಮನ್ನ ನೋಡೋ ಆಸೆಗೆ ನಿಮ್ಮ ಬದುಕನ್ನೇ ಉಜ್ಜಿ ಹಾಕಿದೆ. ಆಮೇಲೆ ಯಾವ ಮುಖ ಇಟ್ಕೊಂಡು ತಿನ್ಲಿ? ಆವತ್ತು ಒಂದು ಸಲ ನಡುಗಿರ್ಬಹುದು, ನಿಮ್ಮ ಕೈಗೆ ಏನೂ ಆಗಿಲ್ಲ. ಅದನ್ನ ಹೇಳ್ಬೇಕಿತ್ತು, ಅಷ್ಟೇ."

ಅವಳು ಬಲಗೈಯನ್ನು ಮುಂದೆ ಚಾಚಿದಳು. ಮೊದಲ ಬಾರಿಗೆ, ಮುಚ್ಚಿಡದೆ. ಐದೂ ಬೆರಳು ನಡುಗುತ್ತಿದ್ದವು.

"ಆಗಿದೆ. ನಿಮ್ಮಿಂದ ಅಲ್ಲ. ತಾನಾಗೇ. ಇನ್ನೂ ಹೆಚ್ಚುತ್ತಂತೆ."

ಅವನು ನೋಡಿದ. ಸುಳ್ಳು ಸಮಾಧಾನ ಹೇಳಲಿಲ್ಲ. ಎದ್ದು ಕೂರಲು ಆಗದವನು ಹೊದಿಕೆಯಿಂದ ತನ್ನ ಕೈಯನ್ನು ಹೊರಗೆ ತೆಗೆದ. ಎಲುಬೇ ಎಲುಬು. ಅದನ್ನು ಅವಳ ಕೈಯ ಕೆಳಗೆ ಇಟ್ಟ.

ಈ ಸಲ ನಡುಕ ನಿಲ್ಲಲಿಲ್ಲ. ಎರಡು ಕೈಗಳೂ ಒಟ್ಟಿಗೆ ನಡುಗಿದವು.

* * *

ತಮ್ಮನ ಮಗಳು ಅತ್ತೆಯನ್ನು ಹೊರಗೆ ಕಾರಿಡಾರಿಗೆ ಕರೆದುಕೊಂಡು ಹೋದಳು.

"ಅತ್ತೆ, ನಿಮ್ಮ ಹತ್ರ ಮುಚ್ಚಿಡಲ್ಲ. ಮೂಳೆ ಕೂಡುತ್ತೆ. ಆದರೆ ಮೈಯಲ್ಲಿ ಸ್ನಾಯುವೇ ಉಳಿದಿಲ್ಲ. ಈ ವಯಸ್ಸಲ್ಲಿ ಹೋದದ್ದು ಪೂರ್ತಿ ವಾಪಸ್ ಬರಲ್ಲ. ಈಗಿನಿಂದ ಸರಿಯಾಗಿ ತಿಂದು, ದಿನಾ ಎದ್ದು ನಿಂತು ಅಭ್ಯಾಸ ಮಾಡಿದ್ರೂ... ಇಂಥ ಸ್ಥಿತೀಲಿ ಬಂದವರಲ್ಲಿ ತುಂಬಾ ಜನ ವರ್ಷ ದಾಟಲ್ಲ."

"ತಿನ್ನದೇ ಇದ್ರೆ?"

"ತಿಂಗಳೂ ಇಲ್ಲ."

"ಮತ್ತೆ ತಿನ್ನಿಸೋಣ."

"ಅತ್ತೆ, ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತಮ್ಮಾ. ಕೈ ನಡುಗುತ್ತೆ, ಕಿವಿ ಸರಿಯಾಗಿದೆ."

ದಿಂಬಿನ ಕೆಳಗಿದ್ದ ಸೆಟ್ಟನ್ನು ಅವಳು ಮನೆಗೆ ಒಯ್ದಳು. ಹಿಂದೆ ಒಂದು ಗಂಟೆಯ ಕೆಲಸ. ಈಗ ಆರು ದಿನ ಹಿಡಿಯಿತು. ಹೊಸ ಅಂಚು ಕಟ್ಟುವಾಗ ಎರಡು ಸಲ ಕೆಟ್ಟು ಮತ್ತೆ ಮೊದಲಿನಿಂದ ಶುರುಮಾಡಿದಳು. ಇನ್ನು ಇಂಥ ಕೆಲಸ ತನ್ನಿಂದಾಗದು, ಇದೇ ಕೊನೆಯದು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಮುಗಿಸಿದಳು.

ಹಲ್ಲು ಹಾಕಿಕೊಂಡ ಮೊದಲ ಮಧ್ಯಾಹ್ನ ಅವನು ತಿಂದದ್ದು ಅರ್ಧ ಮೊಟ್ಟೆ. ಮೂರನೆಯ ದಿನ ಒಂದು. ಆಮೇಲೆ ಜ್ವರ ಬಂತು, ಐದು ದಿನ ಏನೂ ಸೇರಲಿಲ್ಲ. ಗಳಿಸಿದ ಒಂದು ಕಿಲೋ ಹೋಯಿತು. ಮತ್ತೆ ಅರ್ಧ ಮೊಟ್ಟೆಯಿಂದ ಶುರು. ನಾಲ್ಕು ಕಾಲಿನ ವಾಕರ್ ಹಿಡಿದು ನಿಂತ ದಿನ ಅವನು ನೋವಿಗೆ ಅತ್ತೇಬಿಟ್ಟ.

"ಸಾಕು ಬಿಡಿ," ಎಂದ. "ಇದೆಲ್ಲ ಯಾತಕ್ಕೆ?"

"ಸಂಜೆಗೆ ಇನ್ನೊಂದು ಸಲ ನಿಲ್ಲೋದಕ್ಕೆ."

"ಅದಾದ ಮೇಲೆ?"

"ಅದಾದ ಮೇಲಿಂದು ನನಗೂ ಗೊತ್ತಿಲ್ಲ."

ಅವಳು ಸುಳ್ಳು ಹೇಳುವುದಿಲ್ಲ ಎಂಬುದೇ ಅವನಿಗೆ ದೊಡ್ಡ ಧೈರ್ಯವಾಗಿತ್ತು. ಅದೇ ಧೈರ್ಯದಲ್ಲಿ, ಬಿಡುಗಡೆಯ ಹಿಂದಿನ ದಿನ ಅವನೇ ಬಾಯಿ ಬಿಟ್ಟ.

"ಆವತ್ತು ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದು ಒಂದು ಮಾತು ಕೇಳೋಕೆ. ಈಗ ಕೇಳೋ ಯೋಗ್ಯತೆ ಇಲ್ಲ ನನಗೆ. ವರ್ಷದ ಗ್ಯಾರಂಟಿನೂ ಇಲ್ಲದ ಮನುಷ್ಯ."

"ಕೇಳಿ ಆಮೇಲೆ ಗ್ಯಾರಂಟಿ ಮಾತಾಡಿ."

"ನನ್ನ ಜೊತೆ ಇರ್ತೀರಾ?"

ಐವತ್ತೊಂಬತ್ತು ವರ್ಷದಲ್ಲಿ ಈ ಮಾತನ್ನು ಯಾರೂ ಅವಳನ್ನು ಕೇಳಿರಲಿಲ್ಲ.

"ಸಾರಿಗೆ ಉಪ್ಪು ಹಾಕೋಕೆ ಹೋದ್ರೆ ಅರ್ಧ ಡಬ್ಬಿ ಬೀಳುತ್ತೆ. ಗುಂಡಿ ಹಾಕ್ಕೊಳ್ಳೋಕೆ ಕಾಲು ಗಂಟೆ ಬೇಕು. ಮುಂದೆ ಅದೂ ಆಗಲ್ಲ. ನನ್ನದೂ ಗ್ಯಾರಂಟಿ ಇಲ್ಲ. ನಡೆಯುತ್ತಾ?"

"ನಡೆಯೋದಾ? ನಿಲ್ಲೋಕೇ ಆಗ್ತಿಲ್ಲ ನನಗೆ!" ಎಂದು ಅವನು ನಕ್ಕ. ನಗುನಗುತ್ತಲೇ ಇಬ್ಬರೂ ಅತ್ತರು.

ಮನೆಯಲ್ಲಿ ಅವಳ ತಮ್ಮ ತಲೆಯ ಮೇಲೆ ಕೈ ಹೊತ್ತುಕೊಂಡ.

"ಅಕ್ಕಾ, ಈ ವಯಸ್ಸಲ್ಲಿ! ಜನ ಏನಂತಾರೆ?"

"ಜನಕ್ಕೆ ಬಾಯಿದೆ, ಅನ್ಲಿ. ಅರ್ಧ ಬಾಯಿಗೆ ಹಲ್ಲು ಕಟ್ಟಿಕೊಟ್ಟಿದ್ದೇ ನಾನು."

ಅವನು ಮುಖ ತಿರುಗಿಸಿಕೊಂಡು ಹೋದ. ಅವಳು ಹೊರಟ ದಿನವೂ ಹೊರಗೆ ಬರಲಿಲ್ಲ. ಅವನ ಹೆಂಡತಿ ಮಾತ್ರ ಗೇಟಿನವರೆಗೆ ಬಂದು, ಅವಳ ಸ್ವೆಟರಿನ ಮೇಲಿನ ಗುಂಡಿ ಹಾಕಿಕೊಟ್ಟಳು.

* * *

ಅವನ ಮನೆ ನಾಲ್ಕನೇ ಮಹಡಿಯಲ್ಲಿ. ಎರಡು ಕೋಣೆ. ಅವಳು ಬಂದ ದಿನ ಅಡುಗೆಮನೆಯ ಕಪಾಟಿನಲ್ಲಿದ್ದದ್ದು ಟೀ ಪುಡಿಯ ಖಾಲಿ ಡಬ್ಬಿಗಳು ಮಾತ್ರ.

ಈಗ ಏಳು ವಾರವಾಗಿತ್ತು. ಅವನ ತೂಕ ನಲವತ್ತನಾಲ್ಕರಲ್ಲೇ ನಿಂತಿತ್ತು. ತಮ್ಮನ ಮಗಳು ವಾರಕ್ಕೊಮ್ಮೆ ಬಂದು ನೋಡಿ, ಬರೆದುಕೊಂಡು, ಬಾಗಿಲಲ್ಲಿ ಅತ್ತೆಯ ಭುಜ ಹಿಡಿದು ಸುಮ್ಮನೆ ನಿಂತು ಹೋಗುತ್ತಿದ್ದಳು.

ಆ ಮಧ್ಯಾಹ್ನ ಅವನು ಹಾಸಿಗೆಯಿಂದ ಎದ್ದು ವಾಕರ್ ಹಿಡಿದು ಅಡುಗೆಮನೆಗೆ ತಾನೇ ಬಂದ. ಹನ್ನೊಂದು ಹೆಜ್ಜೆಗೆ ನಾಲ್ಕು ಸಲ ನಿಂತ. ಮೇಜಿನ ಹತ್ತಿರ ಕುಸಿದು ಕೂತಾಗ ಹಣೆಯೆಲ್ಲ ಬೆವರಿತ್ತು.

ಅವಳು ಓಡಿಹೋಗಿ ಹಿಡಿಯಲಿಲ್ಲ. ಹಿಡಿಯಲು ಅವಳ ಕೈಗೆ ಬಲವಿರಲಿಲ್ಲ. ಬೆಂದ ಬೇಳೆ, ಬೆಂದ ಕ್ಯಾರೆಟ್ಟು, ಮೊಸರು ಎಲ್ಲವನ್ನೂ ಒಂದೇ ಬಟ್ಟಲಿಗೆ ಹಾಕಿ, ಬಟ್ಟಲನ್ನು ಮೇಜಿನ ಮೇಲೇ ತಳ್ಳಿಕೊಂಡು ಅವನವರೆಗೆ ತಂದಳು. ದಾರಿಯುದ್ದಕ್ಕೂ ಸ್ವಲ್ಪ ಚೆಲ್ಲಿತು. ಒರೆಸಲು ಬಟ್ಟೆ ತೆಗೆದುಕೊಂಡಳು.

ಅವನು ಒಂದು ಚಮಚ ತಿಂದ. ಎರಡೂ ಕಡೆ ಅಗಿದ. ನುಂಗಿದ. ಎರಡನೆಯ ಚಮಚ ಎತ್ತಿದವನು ಅಲ್ಲೇ ನಿಲ್ಲಿಸಿದ.

"ನೀನು ತಿಂದ್ಯಾ?"

ಅವಳ ಕೈಯ ಬಟ್ಟೆ ನಿಂತಿತು. ಇಷ್ಟು ದಿನವೂ 'ನೀವು' ಎನ್ನುತ್ತಿದ್ದವನು.

"ಏನಂದ್ರಿ?"

"ತಿಂದ್ಯಾ ಅಂದೆ."

"...ಇಲ್ಲ. ಆಮೇಲೆ ತಿಂತೀನಿ. ಚೆಲ್ಲುತ್ತೆ."

"ಚೆಲ್ಲಲಿ," ಎಂದು ಅವನು ಪಕ್ಕದ ಕುರ್ಚಿಯನ್ನು ಎಳೆಯಲು ನೋಡಿದ. ಅದು ಅಲುಗಲಿಲ್ಲ. ಇಷ್ಟೂ ಬಲವಿಲ್ಲದ ತನ್ನ ಕೈಯನ್ನು ಒಮ್ಮೆ ನೋಡಿಕೊಂಡು, ಚಮಚವನ್ನು ಅವಳ ಕಡೆ ಚಾಚಿದ. "ಬಾ. ಕೂತ್ಕೋ."

ಅವಳು ತಾನೇ ಕುರ್ಚಿ ಎಳೆದುಕೊಂಡು ಕೂತಳು. ಬಾಯಿ ತೆರೆದಳು.

"ಉಪ್ಪು ಜಾಸ್ತಿಯಾಗಿದೆ," ಎಂದಳು, ಕಣ್ಣೊರೆಸಿಕೊಳ್ಳುತ್ತಾ.

"ಹೌದು," ಎಂದ ಅವನು. "ಇನ್ನೊಂದು ತುತ್ತು ತಗೋ."